ಫಾರಿನ್‌ನಲ್ಲಿ ಮಕ್ಕಳ ಕ್ಯಾಂಪಿಗೆ ವಾಲಂಟಿಯರ್ ಕೋಚ್: ಕ್ಯಾಂಪಿಗೆ 5ಕ್ಕೆ 4, ಕಳ್ಸಿದ ಏಜೆನ್ಸಿಗೆ 2

ಮೂರು ವಾರ ಟೆನಿಸ್ ಕೋಚ್ ಆಗಿ ಹೋಗಿ ಬಂದೆ, ಒಂದು ಏಜೆನ್ಸಿ ಮೂಲಕ. ಹೆಸ್ರು ಹಾಕಲ್ಲ, ನಾನು ವಿಚಾರ್ಸಿದ ನಾಲ್ಕೂ ಕಡೆ ಮಾತು ಹೆಚ್ಚುಕಮ್ಮಿ ಒಂದೇ ಥರ ಇತ್ತು.

ವಾಲಂಟಿಯರ್ ಅಂದ್ರೆ ಸಂಬಳ ಇರಲ್ಲ ಅಂತ ಗೊತ್ತಿತ್ತು, ನಾವೇ ಕೈಯಿಂದ ಫೀಸ್ ಕಟ್ಬೇಕು ಅಂತ ಗೊತ್ತಿರ್ಲಿಲ್ಲ. ಹೋಗ್ಲಿ, ಇರೋಕೆ ಜಾಗ, ಊಟ, ಇನ್ಶೂರೆನ್ಸ್ ಎಲ್ಲಾ ಅದ್ರಲ್ಲೇ ಅಂದ್ರು, ಒಪ್ಕೊಂಡೆ. ಆದ್ರೆ ಆ ದುಡ್ಡಲ್ಲಿ ಕ್ಯಾಂಪಿಗೆ ಎಷ್ಟು ಸೇರತ್ತೆ ಅಂತ ಎರಡು ಸಲ ಮೇಲ್ ಹಾಕಿದ್ರೆ ಎರಡು ಸಲಾನೂ ಬಂದಿದ್ದು ನಗ್ತಿರೋ ಮಕ್ಕಳ ಫೋಟೋ ಇರೋ ಬ್ರೋಷರ್. ವೀಸಾ ಬಗ್ಗೆ ಕೇಳಿದ್ರೆ "ಟೂರಿಸ್ಟ್ ಅಂತ ಹೇಳಿ ಸಾಕು" ಅಂದ್ರು. ಈ ಮಾತು ಯಾರೇ ಹೇಳಿದ್ರೂ ನಂಬ್ಬೇಡಿ, ದುಡ್ಡು ತಗೊಳ್ದೆ ಮಾಡಿದ್ರೂ ಎಷ್ಟೋ ದೇಶದಲ್ಲಿ ಅದನ್ನ ಕೆಲಸ ಅಂತಾನೇ ನೋಡ್ತಾರೆ. ಬ್ರಿಟನ್‌ಗೆ ಮುಖ್ಯವಾಗಿ ಬೇರೆ ಕಾರಣಕ್ಕೆ ವಿಸಿಟರ್ ಆಗಿ ಹೋದವ್ರು ನೋಂದಣಿ ಆಗಿರೋ ಚಾರಿಟಿಗೆ 30 ದಿನದ ತನಕ ಮಾತ್ರ ವಾಲಂಟಿಯರ್ ಮಾಡ್ಬೋದು, ಅಮೆರಿಕದ ಸಮ್ಮರ್ ಕ್ಯಾಂಪ್ ಕೌನ್ಸೆಲರ್‌ಗಳಿಗೆ (ಅಂದ್ರೆ ಕ್ಯಾಂಪಲ್ಲಿ ಮಕ್ಕಳನ್ನ ನೋಡ್ಕೊಳ್ಳೋರಿಗೆ) ಜೆ-1 ವೀಸಾ ಅಂತಾನೇ ಇದೆ, 18 ತುಂಬಿರ್ಬೇಕು, ಜಾಸ್ತಿ ಅಂದ್ರೆ 4 ತಿಂಗಳು. ನಾನು ನನ್ನ ಪಾಡಿಗೆ ಎಂಬೆಸಿ ವೆಬ್‌ಸೈಟ್ ನೋಡಿ ಸರಿಯಾದ್ದನ್ನೇ ಮಾಡಿಸ್ಕೊಂಡೆ, ಬಚಾವ್.

ನಂಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಏಜೆನ್ಸಿಯವ್ರು ನನ್ನ ಟೀಶರ್ಟ್ ಸೈಜ್ ಮೂರು ಸಲ ಕೇಳಿದ್ರು, ಪೊಲೀಸ್ ಕ್ಲಿಯರೆನ್ಸ್ (ನಮ್ಮ ಮೇಲೆ ಕೇಸ್ ಇಲ್ಲ ಅನ್ನೋ ಪೊಲೀಸ್ ಪತ್ರ) ಒಂದು ಸಲಾನೂ ಕೇಳ್ಲಿಲ್ಲ. ಏಳೆಂಟು ವರ್ಷದ ಮಕ್ಕಳ ಜೊತೆ ಬಿಡ್ತಿದ್ದಾರೆ ಸ್ವಾಮಿ, ನಾನ್ಯಾರು ಅಂತಾನೇ ಗೊತ್ತಿಲ್ದೆ! ಕ್ಯಾಂಪಿನ ಹೆಡ್ ಕೋಚ್ ಮೇಡಂ ಮೊದಲ ದಿನ ಗೇಟಲ್ಲೇ ಕೇಳಿದ್ರು. ಹಳೇ ಕೆಲಸಕ್ಕೆ ಅಂತ ಮಾಡಿಸಿದ್ದು ಒಂದಿತ್ತು, ಮನೆಯವ್ರು ಹುಡುಕಿ ಸ್ಕ್ಯಾನ್ ಮಾಡಿ ಕಳ್ಸೋ ತನಕ ಎರಡು ದಿನ ಬೇಲಿ ಆಚೆ ಹೋದ ಬಾಲ್ ಹೆಕ್ಕಿ ತರೋದೇ ನನ್ನ ಕೆಲಸ. ಅವಮಾನ ಆಯ್ತು ನಿಜ, ಆದ್ರೆ ಆ ಮೇಡಂ ಮೇಲೆ ಗೌರವ ಬಂದಿದ್ದೂ ಅವತ್ತೇ.

ಮೂರನೇ ದಿನ ಕೋರ್ಟಿಗೆ ಇಳಿದೆ. ನಾನು ಸೂಟ್‌ಕೇಸ್ ತುಂಬ ಹೊಸ ಹಳದಿ ಬಾಲ್ ಹೊತ್ಕೊಂಡು ಹೋಗಿದ್ದೆ, ದೊಡ್ಡ ದಾನಿ ಥರ. ಮೊದಲ್ನೇ ಬಾಲ್ ಹಾಕ್ದೆ, ಪುಟಿದು ಆ ಹುಡುಗಿ ತಲೆ ಮೇಲಿಂದ ಹೋಯ್ತು, ಅವಳು ರ‍್ಯಾಕೆಟ್‌ನ ಛತ್ರಿ ಥರ ಮೇಲೆ ಹಿಡ್ಕೊಂಡು ಕಣ್ಣು ಮುಚ್ಚಿ ನಿಂತಿದ್ಲು. ಮೇಡಂ ಏನೂ ಅನ್ಲಿಲ್ಲ, ಒಂದು ಗೋಣಿಚೀಲ ತಂದು ಸುರಿದ್ರು, ಎಲ್ಲಾ ಸವೆದು ಬೋಳಾಗಿರೋ ಕೆಂಪು ಬಾಲ್. ಆಮೇಲೆ ಸೀಮೆಸುಣ್ಣದಲ್ಲಿ 11 ಮೀಟರಿನ ಪುಟ್ಟ ಕೋರ್ಟ್ ಗೆರೆ ಹಾಕಿದ್ರು. ಗೊತ್ತಿಲ್ದಿರೋರಿಗೆ ಹೇಳ್ತೀನಿ, ಕೆಂಪು ಬಾಲ್ ಮಾಮೂಲಿ ಹಳದಿ ಬಾಲ್‌ಗಿಂತ 75% ನಿಧಾನ, ಆರೆಂಜ್ 50%, ಹಸಿರು 25%, ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದ 10 ವರ್ಷದ ಒಳಗಿನವ್ರ ಟೂರ್ನಮೆಂಟಿಗೆ ಹಳದಿ ಬಾಲ್ ಬೇಡ ಅಂತ ನಿಯಮಾನೇ ಮಾಡಿದೆ. ನಾನು ದೊಡ್ಡವ್ರ ಜೊತೆ ಆಡ್ಕೊಂಡಿದ್ದೋನು, ಇದೆಲ್ಲ ಅಲ್ಲೇ ಕಲ್ತಿದ್ದು. ಹತ್ತೇ ನಿಮಿಷಕ್ಕೆ ಅದೇ ಹುಡುಗಿ ನಾಲ್ಕು ಸಲ ನೆಟ್ ದಾಟ್ಸಿದ್ಲು.

ಭಾಷೆ ಅಂತೂ ಕೇಳ್ಬೇಡಿ. ಮಂಡಿ ಬಗ್ಸಿ ಅಂತ ತೋರ್ಸೋಕೆ ಕುರ್ಚಿ ಮೇಲೆ ಕೂರೋ ಹಾಗೆ ಮಾಡಿದ್ರೆ ಹನ್ನೆರಡು ಮಕ್ಕಳೂ ನೆಲದ ಮೇಲೆ ಕೂತ್ಬಿಟ್ರು.

ಇನ್ನೊಂದು ದಿನ ಒಬ್ಬ ಹುಡುಗನ ಹಣೆಗೆ ಪಕ್ಕದವನ ರ‍್ಯಾಕೆಟ್ ಬಡೀತು. ಎರಡು ನಿಮಿಷ ಅತ್ತು ಸುಮ್ನಾದ, ನಾನು ಬಾ ಆಡು ಅಂದೆ. ಮೇಡಂ ಓಡಿ ಬಂದು ಅವನನ್ನ ಹೊರಗೆ ಕೂರ್ಸಿದ್ರು, ತಲೆಗೆ ಪೆಟ್ಟು ಬಿದ್ದು ಕನ್ಕಷನ್ (ಮಿದುಳಿಗೆ ಏಟು) ಅನುಮಾನ ಇದ್ರೆ ಮಗು ಎಷ್ಟೇ ಚೆನ್ನಾಗಿ ಕಂಡ್ರೂ ಅವತ್ತು ಮತ್ತೆ ಆಡ್ಸೋ ಹಾಗಿಲ್ಲ. ಏಜೆನ್ಸಿಯ ಎರಡು ಗಂಟೆ ಆನ್‌ಲೈನ್ ಟ್ರೈನಿಂಗಲ್ಲಿ ಗ್ರೂಪ್ ಫೋಟೋಗೆ ಹೇಗೆ ನಿಲ್ಬೇಕು ಅಂತ ಇತ್ತು, ಇದು ಇರ್ಲಿಲ್ಲ.

ಹೋಗ್ಬಾರ್ದು ಅಂತ ಹೇಳ್ತಿಲ್ಲ. ಅಲ್ಲಿನ ಖಾಯಂ ಕೋಚ್ ಯಾರು, ನಾನು ಅವ್ರ ಕೈಕೆಳಗೆ ಇರ್ತೀನಾ ಇಲ್ಲ ಒಬ್ನೇನಾ, ನಾನು ವಾಪಸ್ ಬಂದ್ಮೇಲೆ ಆ ಮಕ್ಕಳಿಗೆ ಕಲ್ಸೋರು ಯಾರು, ಇಷ್ಟು ಮೊದ್ಲೇ ಕೇಳಿ. ತಡವರ್ಸಿದ್ರೆ ದುಡ್ಡು ಕಟ್ಬೇಡಿ. ಸಾಧ್ಯ ಆದ್ರೆ ಕ್ಯಾಂಪಿನವ್ರಿಗೇ ನೇರವಾಗಿ ಬರೀರಿ, ಮುಂದಿನ ಸಲ ನಾನೂ ಹಾಗೇ ಹೋಗೋದು.

ಅಂದಹಾಗೆ ಆ ಹಳದಿ ಬಾಲ್‌ಗಳು ವೇಸ್ಟ್ ಆಗ್ಲಿಲ್ಲ. ಕೊನೇ ದಿನ ಊಟಕ್ಕೆ ಹೋದ್ರೆ ಅರ್ಧಕ್ಕರ್ಧ ಸೀಳಿ ಕುರ್ಚಿ ಕಾಲುಗಳಿಗೆ ಸಿಕ್ಸಿದ್ರು, ಎಳೆದ್ರೆ ಕಿರ್ ಅನ್ಬಾರ್ದು ಅಂತ.