ಬೇವಿನ ಎಣ್ಣಿ ಬಾಟ್ಲಿ: ಗಿಡಕ್ಕ ಛಲೋ, ಜೊಂಡಿಗಕ್ಕ ಉಪಯೋಗಿಲ್ಲ

ಧಾರವಾಡದಾಗ ಒಂದು ಬೀಜ ಗೊಬ್ಬರದ ಅಂಗಡ್ಯಾಗ ತಗೊಂಡಿದ್ದು ಇದು, ಅರ್ಧ ಲೀಟರ್ ಬಾಟ್ಲಿ, ಗಾಣದ ಬೇವಿನ ಎಣ್ಣಿ ಅಂತ ಬರ್ದಾರ. ಕಂಪನಿ ಹೆಸರು ಬ್ಯಾಡ ಬಿಡ್ರಿ, ಇಂಥವು ಹುಬ್ಬಳ್ಳಿ ಧಾರವಾಡದಾಗ ಎಲ್ಲಾ ಕಡೆ ಸಿಗ್ತಾವ.

ನಮ್ಮ ದಾಸವಾಳ ಗಿಡಕ್ಕ ಹಿಟ್ಟಿನ ಹುಳ ಹತ್ತಿದ್ವು. ಮೊಗ್ಗಿನ ಬುಡಕ್ಕ, ಎಲಿ ಕೆಳಗ ಬಿಳಿ ಅರಳಿ ಅಂಟಿಸಿದಂಗ, ಮುಟ್ಟಿದ್ರ ಕೈಗೆ ಅಂಟಂಟು, ಕಾಂಡದ ಮ್ಯಾಲೆ ಇರಿವಿ ಸಾಲು ಮ್ಯಾಲಿಂದ ಕೆಳಗ ಓಡಾಡ್ತಿತ್ತು. ಆ ಹುಳ ಬಿಡೋ ಸಿಹಿ ರಸಕ್ಕ ಇರಿವಿ ಬರ್ತಾವ, ಬಂದು ಹುಳಕ್ಕ ಕಾವಲು ಬ್ಯಾರೆ ಕಾಯ್ತಾವ, ಆ ರಸ ಬಿದ್ದ ಎಲಿ ಮ್ಯಾಲೆ ಆಮ್ಯಾಲೆ ಕರಿ ಬೂಸ್ಟು ಬರ್ತದ. ಅದಕ್ಕ ಮೊದ್ಲು ಪೈಪಿನ ನೀರು ಜೋರಾಗಿ ಬಿಟ್ಟು ತೊಳದು, ಭಾಳ ಹತ್ತಿದ ಟೊಂಗಿ ಕತ್ತರಿಸಿ ಒಗದು, ಆಮ್ಯಾಲೆ ಎಣ್ಣಿ ಹೊಡೀರಿ, ಇಲ್ಲಂದ್ರ ಬಾಟ್ಲಿ ಖಾಲಿ ಆದ್ರೂ ಹುಳ ಹಂಗ ಕುಂತಿರ್ತಾವ.

ಲೀಟರ್ ನೀರಿಗೆ 5 ಎಂಎಲ್ ಸಾಕು. ಎಣ್ಣಿ ಬರೇ ನೀರಾಗ ಕೂಡಂಗಿಲ್ಲ, ಮ್ಯಾಲೆ ತೇಲ್ತದ, ಕಡೀಕ ಸ್ಪ್ರೇದಾಗ ಬರೇ ಎಣ್ಣಿ ಬಂದು ಎಲಿ ಸುಡ್ತದ. ಪಾತ್ರಿ ತೊಳಿಯೋ ಲಿಕ್ವಿಡ್ ನಾಕು ಹನಿ ಎಣ್ಣ್ಯಾಗ ಹಾಕಿ ಕಲಸಿ, ಆಮ್ಯಾಲೆ ಉಗುರು ಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪ ಹಾಕಿದ್ರ ಹಾಲಿನ ಬಣ್ಣ ಬರ್ತದ, ಬಂತಂದ್ರ ಸರಿ ಆತು ಅಂತ ತಿಳ್ಕೋರಿ. ಕಲಸಿದ್ದು ಅವತ್ತ ಮುಗಸ್ರಿ. ಹೊಡಿಯೋದು ಸಂಜೀಕೆ, ಜೇನು ಹುಳ ಹೋದ ಮ್ಯಾಲೆ, ಯಾಕಂದ್ರ ಇದರಾಗಿನ ಅಜಾಡಿರಾಕ್ಟಿನ್, ಅಂದ್ರ ಹುಳದ ಮ್ಯಾಲೆ ಕೆಲಸ ಮಾಡೋ ಬೇವಿನ ಮುಖ್ಯ ಅಂಶ, ಬಿಸಲಿಗೆ ಲಗೂನ ಕೆಡ್ತದ.

ಬೇವಿನ ಎಣ್ಣಿ ಬಗ್ಗೆ ಕೆಲವರು ಕಮೆಂಟ್‌ನ್ಯಾಗ "ಹುಳ ಸಾಯಲೇ ಇಲ್ಲ, ಮೋಸ" ಅಂದಾರ. ಅರೆ, ಇದು ಹೊಡದ ಕೂಡ್ಲೆ ಸಾಯ್ಸೋ ವಿಷ ಅಲ್ರೀ! ಹುಳ ತಿನ್ನೋದು ಕಡಿಮಿ ಆಗ್ತದ, ಮರಿ ಪೊರಿ ಕಳಚಿ ಬೆಳಿಯಂಗಿಲ್ಲ, ದೊಡ್ಡವಕ್ಕ ಮೈಮ್ಯಾಲೆ ಮೇಣ ಇರ್ತದಲ್ಲ, ಅವಕ್ಕ ಅಷ್ಟು ತಾಗಂಗಿಲ್ಲ. ವಾರಕ್ಕೊಮ್ಮೆ ಬಿಡದ ಹೊಡದ್ರ ಹೊಸಾ ಚಿಗುರು ಸ್ವಚ್ಛ ಬರ್ತದ, ನಮ್ಮ ದಾಸವಾಳ ಈಗ ಹೂ ಬಿಟ್ಟದ, ಕರಿಬೇವೂ ಚಿಗುರೇತಿ. ಆದ್ರ ಕರಿಬೇವಿನ ಎಲಿ ಅಡಗಿಗೆ ಹರಿಯೋ ಮುಂದ ಚೊಲೋತಂಗ ತೊಳೀರಿ, ಕಹಿ ಹೋಗಂಗಿಲ್ಲ ಲಗೂನ.

ಬಾಟ್ಲಿ ಮ್ಯಾಲೆ ಪಿಪಿಎಂ, ಅಂದ್ರ ಹತ್ತು ಲಕ್ಷ ಭಾಗದಾಗ ಅಜಾಡಿರಾಕ್ಟಿನ್ ಎಷ್ಟು ಭಾಗ ಅದ ಅನ್ನೋ ಲೆಕ್ಕ, ಬರ್ದೇ ಇಲ್ಲ, ಅದೊಂದು ನಂಗ ಸಿಟ್ಟು. ರೈತರಿಗೆ ಮಾರೋ ಬೇವಿನ ಔಷಧದ ಮ್ಯಾಲೆ 300, 1500, 10000 ಪಿಪಿಎಂ ಅಂತ ಸ್ಪಷ್ಟ ಇರ್ತದ. ಮುಚ್ಚಳ ಬ್ಯಾರೆ ಲೂಸ್, ಚೀಲದಾಗ ಸೋರಿ ವಾಸನಿ ಇನ್ನೂ ಹೋಗಿಲ್ಲ. ಚಳಿಗಾಲದಾಗ ಗಟ್ಟಿ ಆದ್ರ ಗಾಬರಿ ಆಗಬ್ಯಾಡ್ರಿ, ಬಿಸಿ ನೀರಾಗ ಬಾಟ್ಲಿ ಇಟ್ರ ಕರಗ್ತದ.

ಇನ್ನ ಲೇಬಲ್ ಮ್ಯಾಲೆ ಜೊಂಡಿಗ, ಗುಂಗಾಡ, ಇರಿವಿ ಎಲ್ಲಾ ಓಡ್ತಾವ ಅಂತ ಬರ್ದಾರಲ್ಲ, ಅಡಗಿ ಮನ್ಯಾಗ ಹೊಡದ್ರ ಓಡಿದ್ದು ಮನಿ ಮಂದಿ ಅಷ್ಟ! ಜೊಂಡಿಗಕ್ಕ ರಾತ್ರಿ ಸಿಂಕ್ ಒಣಗಿಸಿ ಮೋರಿಗೆ ಜಾಳಗಿ ಹಾಕೋದ ವಾಸಿ. ಗುಂಗಾಡಕ್ಕ ನಮ್ಮ ಕಡೆ ಮುಖ್ಯ ಕಾರಣ ಡ್ರಮ್ಮು, ನೀರು ದಿನಾ ಬರದ ಓಣ್ಯಾಗ ಎಲ್ಲಾರೂ ತುಂಬಿಸಿ ಇಡ್ತೇವಿ, ಅದಕ್ಕ ಬಟ್ಟಿ ಬಿಗಿದು ಕಟ್ರಿ, ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ರಿ. ಜ್ವಾಳಕ್ಕ ನುಸಿ ಹತ್ತಬಾರದಂದ್ರ ಬೇವಿನ ಎಲಿ ನೆಳ್ಳಾಗ ಒಣಗಿಸಿ ಡಬ್ಬ್ಯಾಗ ಹಾಕ್ರಿ, ರೊಕ್ಕ ಇಲ್ದ ಆಗ್ತದ.

ಗಿಡಕ್ಕ 4 ಸ್ಟಾರ್, ಮನಿಗೆ 1. ನಾಕು ಹೂಕುಂಡ ಇದ್ದವರು ಅರ್ಧ ಲೀಟರ್ ತಗೋಬ್ಯಾಡ್ರಿ, 100 ಎಂಎಲ್ ಸಾಕು, ಡೇಟ್ ನೋಡಿ ತಗೋರಿ, ಹಳೇದಾದಂಗ ಜೋರು ಕಡಿಮಿ ಆಗ್ತದ.