ಆಗುಂಬೆಗೆ ಆಟೋನಾ, ಬಸ್ಸಾ?

ಶಿವಮೊಗ್ಗದಿಂದ ಆಗುಂಬೆ ಸುಮಾರು 90 ಕಿ.ಮೀ. ಬೇಗ ಮುಟ್ಟಬೇಕು, ದುಡ್ಡೂ ಉಳಿಯಬೇಕು ಅಂದ್ರೆ ಬಸ್ಸೇ ಸರಿ.

ಆಟೋಗಾದರೆ ಇಡೀ ದಿನ ಎತ್ತಿಡಿ. ಬೆಳಿಗ್ಗೆಯೇ ಹೊರಟರೆ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ಸಿಗುತ್ತೆ. ಮಳೆಗಾಲದಲ್ಲಿ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ. ಬಸ್ಸಿನ ಕಿಟಕಿಯಲ್ಲಿ ಅದು ಬಿಳಿ ಚುಕ್ಕೆ ಅಷ್ಟೇ. ಬೇಕೆಂದಲ್ಲಿ ನಿಲ್ಲಿಸೋದೇ ಆಟೋದ ಸುಖ.

ಕಷ್ಟವೂ ಇದೆ. ಪಕ್ಕದ ಟಾರ್ಪಾಲು ಇಳಿಸಿದರೂ ಎರಚಲು ಮೊಣಕಾಲಿಗೆ ಹೊಡೆಯುತ್ತೆ. ಕಳೆದ ಸಲ ನನ್ನ ಚೀಲದ ಚಕ್ಕುಲಿಯೆಲ್ಲ ಮೆತ್ತಗಾಗಿತ್ತು. ಬೆನ್ನುನೋವಿದ್ದವರಿಗಂತೂ ಬೇಡವೇ ಬೇಡ. ಬಾಡಿಗೆಯನ್ನು ವಾಪಸ್ ಬರೋದೂ ಸೇರಿಸಿ ಮೊದಲೇ ಮಾತಾಡಿ. ಸೂರ್ಯಾಸ್ತ ನೋಡಿ ಅಲ್ಲಿಂದಲೇ ತಿರುಗಿಸಿ. ಘಾಟಿಯ 14 ಹೇರ್‌ಪಿನ್ ತಿರುವು ಇಳಿಯೋ ಆಸೆಯಿದ್ದರೆ, ಇನ್ನೊಂದು ದಿನ, ಬಸ್ಸಲ್ಲಿ.