1968ರ ಜಿಟಿಒ ಕಾರಿಗೆ ವ್ಯಾಕ್ಯೂಮ್ ಭಾಗಗಳು: ಮೂಲವೇ, ಮರುತಯಾರಿಯೇ, ಅಡ್ಜಸ್ಟಬಲ್ ಆದುದೇ?

1968ರ ಪಾಂಟಿಯಾಕ್ ಜಿಟಿಒ ಕಾರಿನ ಡಿಸ್ಟ್ರಿಬ್ಯೂಟರಿಗೆ (ಸ್ಪಾರ್ಕ್ ಪ್ಲಗ್‌ಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಭಾಗ) ವ್ಯಾಕ್ಯೂಮ್ ಅಡ್ವಾನ್ಸ್ ಡಬ್ಬಿ (ಎಂಜಿನ್ನಿನ ನಿರ್ವಾತದ ಬಲದಿಂದ ಕಿಡಿ ಬೇಗ ಹಾರುವಂತೆ ಮಾಡುವ ಭಾಗ) ಹುಡುಕುವವರ ಮುಂದೆ ಮೂರು ದಾರಿಗಳಿವೆ: ಅಂದು ತಯಾರಾಗಿ ಬಳಕೆಯಾಗದೆ ಉಳಿದ ಮೂಲ ಭಾಗ, ಅದೇ ಮಾದರಿಯಲ್ಲಿ ಇಂದು ತಯಾರಾಗುವ ಭಾಗ, ಮತ್ತು ಸ್ಪ್ರಿಂಗ್‌ನ ಬಿಗಿತವನ್ನು ಬದಲಿಸಬಹುದಾದ ಅಡ್ಜಸ್ಟಬಲ್ ಡಬ್ಬಿ.

ಬೆಲೆಯಲ್ಲಿ ಮೂಲ ಭಾಗವೇ ಸಾಮಾನ್ಯವಾಗಿ ದುಬಾರಿ. ಆದರೆ ದುಬಾರಿಯಾದುದು ಬಾಳಿಕೆ ಬರುತ್ತದೆ ಎನ್ನಲಾಗದು. ಪೆಟ್ಟಿಗೆಯಲ್ಲೇ ಅರ್ಧ ಶತಮಾನ ಕಳೆದ ರಬ್ಬರ್ ಡಯಾಫ್ರಮ್ (ಡಬ್ಬಿಯೊಳಗಿನ ಪೊರೆ) ಗಡುಸಾಗಿ ಬಿರುಕು ಬಿಟ್ಟಿರಬಹುದು. ಯಾವುದನ್ನೇ ಕೊಂಡರೂ ಕೈಪಂಪಿನಿಂದ ನಿರ್ವಾತ ಎಳೆದು, ಅದು ನಿಲ್ಲುತ್ತದೆಯೇ ಎಂದು ನೋಡಿಯೇ ಜೋಡಿಸಬೇಕು.

ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದುದು ಹೊಂದಾಣಿಕೆ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುವಾಗ, ಎಂಜಿನ್ ಕೊಡುವ ನಿರ್ವಾತಕ್ಕಿಂತ ಸುಮಾರು 2 ಇಂಚು ಪಾದರಸ (ನಿರ್ವಾತವನ್ನು ಅಳೆಯುವ ಮಾನ) ಕಡಿಮೆ ಇರುವಾಗಲೇ ಡಬ್ಬಿ ಪೂರ್ತಿ ಎಳೆದುಕೊಂಡಿರಬೇಕು ಎಂಬುದು ರೂಢಿಯ ಲೆಕ್ಕ. ಕಾರ್ಖಾನೆಯ ಕ್ಯಾಮ್‌ಶಾಫ್ಟ್ (ಎಂಜಿನ್ನಿನ ಕವಾಟಗಳನ್ನು ತೆರೆಯುವ ದಂಡ) ಉಳಿದಿದ್ದರೆ, ಸರಿಯಾದ ಸಂಖ್ಯೆ ಒತ್ತಿರುವ ಮೂಲ ಅಥವಾ ಮರುತಯಾರಿಯ ಡಬ್ಬಿ ಸಾಕು. ಚುರುಕಾದ ಕ್ಯಾಮ್ ಹಾಕಿ ಐಡಲ್ ನಿರ್ವಾತ ಕುಸಿದಿದ್ದರೆ, ಅಲೆನ್ ಕೀಲಿಯಿಂದ ತಿರುಗಿಸುವ ಅಡ್ಜಸ್ಟಬಲ್ ಡಬ್ಬಿಯೇ ಲೇಸು, ಅದಕ್ಕೆ ತಾಳ್ಮೆ ಬೇಕೆನ್ನುವುದು ಬೇರೆ ಮಾತು.

ನಿರ್ವಾತದ ಹೋಸುಗಳ ವಿಷಯದಲ್ಲಿ ಒಂದು ಎಚ್ಚರಿಕೆ: ಬಣ್ಣದ ಸಿಲಿಕೋನ್ ಹೋಸು ಶಾಖವನ್ನು ಚೆನ್ನಾಗಿ ತಡೆದರೂ ಎಣ್ಣೆ, ಪೆಟ್ರೋಲ್ ಆವಿಗೆ ಉಬ್ಬುತ್ತದೆ, ಪಿಸಿವಿ ಮಾರ್ಗಕ್ಕೆ (ಎಂಜಿನ್ನಿನ ಒಳಗಿನ ಆವಿಯನ್ನು ಮತ್ತೆ ಸುಡಲು ಎಳೆದೊಯ್ಯುವ ಕೊಳವೆಗೆ) ಅದು ಸಲ್ಲದು. ಮುಚ್ಚುವ ಹೆಡ್‌ಲೈಟ್‌ಗಳ ಆಯ್ಕೆಯಿದ್ದ ಜಿಟಿಒಗಳಲ್ಲಿ ಆ ಮುಚ್ಚಳಗಳೂ ನಿರ್ವಾತದಿಂದಲೇ ಚಲಿಸುವುದರಿಂದ, ಅಲ್ಲಿ ಮೂಲ ಅಳತೆಗೆ ತಯಾರಾದ ಹೋಸುಗಳ ಸೆಟ್ ಕೊಳ್ಳುವುದು ಅನುಕೂಲ. ಪ್ರದರ್ಶನದಲ್ಲಿ ತೀರ್ಪುಗಾರರ ಮುಂದೆ ನಿಲ್ಲಿಸುವ ಕಾರಿಗೆ ಮಾತ್ರ ಮೂಲ ಭಾಗದ ಹುಡುಕಾಟ ಸಾರ್ಥಕವಾದೀತು.